ನಾಲ್ಕಕ್ಕೆ ಏಳಲಾಗದ ಹುಡುಗ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಮಂಡ್ಯ ಕಡೆಯ ಹಳ್ಳಿಯೊಂದರಿಂದ ಅಪ್ಪ, ಮಗ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಹುಡುಗನಿಗೆ 17 ವರ್ಷ, ಎರಡನೇ ಪಿಯುಸಿ ಸೈನ್ಸ್. ಅಪ್ಪ ಕೂರುವ ಮುಂಚೆಯೇ ಶುರು ಮಾಡಿದರು: "ಸೋಮಾರಿ ಆಗ್ಬಿಟ್ಟಿದಾನೆ ಮೇಡಂ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿದ್ರೆ ಪುಸ್ತಕದ ಮೇಲೇ ಮಲಗ್ತಾನೆ."

ಅಪ್ಪ ಹೊರಗೆ ಹೋದ ಮೇಲೆ ಹುಡುಗ ಬಾಯಿಬಿಟ್ಟ. ಮನೆಯಲ್ಲಿ ಹತ್ತಕ್ಕೇ ದೀಪ ಆರಿಸುತ್ತಾರೆ. ನಿದ್ದೆ ಹತ್ತುವುದು ಮಾತ್ರ ಹನ್ನೆರಡೂವರೆಗೆ. "ಸುಮ್ನೆ ಕಣ್ಣು ಮುಚ್ಕೊಂಡು ಬಿದ್ದಿರ್ತೀನಿ. ನಂಗೇನೋ ಕಾಯಿಲೆ ಇರ್ಬೇಕು" ಅಂದ. ಆ ಮಾತು ಕೇಳಿ ನನಗೆ ಸಂಕಟವಾಯಿತು.

ದಸರಾ ರಜೆಯಲ್ಲಿ ಅಜ್ಜಿ ಮನೆಯಲ್ಲಿ ಹೇಗಿತ್ತು ಎಂದು ಕೇಳಿದೆ. ಹನ್ನೆರಡೂವರೆಗೆ ಮಲಗಿ ಒಂಬತ್ತಕ್ಕೆ ತಾನಾಗೇ ಏಳುತ್ತಿದ್ದನಂತೆ, ದಿನವಿಡೀ ಲವಲವಿಕೆಯಿಂದ ಇರುತ್ತಿದ್ದನಂತೆ. ಅಲ್ಲೇ ಉತ್ತರ ಸಿಕ್ಕಿತು. ನಿದ್ದೆಯಲ್ಲಿ ತೊಂದರೆ ಇಲ್ಲ, ಅದು ಬರುವ ಹೊತ್ತು ತಡ, ಅಷ್ಟೇ.

ಅಪ್ಪನನ್ನು ಒಳಗೆ ಕರೆದು ಹೇಳಿದೆ. ಮೆದುಳಿನಲ್ಲಿ ಒಂದು ಗಡಿಯಾರವಿದೆ. ಹೆಚ್ಚಿನವರಲ್ಲಿ ಅದರ ಸ್ವಂತ ಸುತ್ತು 24 ಗಂಟೆಗಿಂತ ತುಸು ಜಾಸ್ತಿ. ಬೆಳಗಿನ ಬೆಳಕು ಅದನ್ನು ದಿನಾ ಸರಿಮಾಡುತ್ತದೆ. ಹರೆಯದಲ್ಲಿ ಈ ಗಡಿಯಾರ ತಡವಾಗಿ ನಡೆಯುತ್ತದೆ. ಮೈಗೆ 'ರಾತ್ರಿಯಾಯಿತು' ಎಂದು ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಏರುವುದೇ ತಡವಾಗಿ. ಇಪ್ಪತ್ತು ದಾಟಿದ ಮೇಲೆ ನಿಧಾನಕ್ಕೆ ಮತ್ತೆ ಬೇಗ ನಿದ್ದೆ ಬರತೊಡಗುತ್ತದೆ.

"ನೀವು ಒಂಬತ್ತಕ್ಕೆ ಮಲಗಿ, ನಾಲ್ಕಕ್ಕೆ ಎದ್ದು ಹಾಲು ಕರೀತೀರಿ. ಏಳು ಗಂಟೆ ನಿದ್ದೆ. ಇವನಿಗೆ ಮೂರೂವರೆ. ನಿಮ್ಮನ್ನ ರಾತ್ರಿ ಹನ್ನೆರಡೂವರೆಗೆ ಎಬ್ಬಿಸಿ ಹಾಲು ಕರೀರಿ ಅಂದ ಹಾಗಲ್ವಾ?" ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದಕ್ಕೂ ನಿದ್ದೆಯೇ ಬೇಕು.

ನಾಲ್ಕರ ಅಲಾರಂ ನಿಲ್ಲಿಸಿದೆವು. ಮೊದಲ ವಾರ ಏಳೂವರೆಗೆ ಏಳುವುದು, ಆಮೇಲೆ ಮೂರು ದಿನಕ್ಕೊಮ್ಮೆ ಕಾಲು ಗಂಟೆ ಬೇಗ, ಆರೂಮುಕ್ಕಾಲು ಆಗುವ ತನಕ. ಭಾನುವಾರವೂ ಒಂದು ಗಂಟೆಗಿಂತ ಜಾಸ್ತಿ ತಡ ಬೇಡ. ಎದ್ದ ತಕ್ಷಣ ಹೊರಗಿನ ಬೆಳಕು ಬೇಕು. ಇದು ತಪ್ಪಲೇಬಾರದು ಎಂದು ಒತ್ತಿ ಹೇಳಿದೆ. ಎದ್ದವನೇ ಹಾಲಿನ ಕ್ಯಾನ್ ಹಿಡಿದು ಡೈರಿಗೆ ನಡೆಯಲಿ ಎಂದಾಗ ಅಪ್ಪನ ಮುಖ ಅರಳಿತು. ಕಷ್ಟದ ಪಾಠ ಸಂಜೆ ಏಳರ ಮೇಲೆ, ಅವನ ತಲೆ ಚುರುಕಾಗಿರುವ ಹೊತ್ತಿನಲ್ಲಿ. ಸಂಜೆ ನಾಲ್ಕರ ನಂತರ ಟೀ ಇಲ್ಲ. ಹತ್ತಕ್ಕೆ ಮೊಬೈಲ್ ನಡುಮನೆಗೆ. ನಿದ್ದೆ ಎಳೆದಾಗಲೇ ಹಾಸಿಗೆಗೆ. ಮನಸ್ಸು ಕುಗ್ಗಿದೆಯಾ ಎಂದೂ ವಿಚಾರಿಸಿದೆ, ಹಾಗೇನೂ ಕಾಣಲಿಲ್ಲ.

ಐದು ವಾರದ ನಂತರ ಬಂದರು. ಹನ್ನೊಂದೂಕಾಲಿಗೆ ನಿದ್ದೆ, ಆರೂಮುಕ್ಕಾಲಿಗೆ ಎಚ್ಚರ. ಇನ್ನೂ ಅರ್ಧ ಗಂಟೆಯಾದರೂ ಬೇಕು. ಅದಕ್ಕೆ ಅಪ್ಪನೇ ದಾರಿ ಹುಡುಕಿದ್ದರು: ರಾತ್ರಿ ಊಟ ಒಂಬತ್ತೂವರೆಯಿಂದ ಎಂಟಕ್ಕೆ ತಂದಿದ್ದಾರೆ, ಎಲ್ಲರೂ ಒಟ್ಟಿಗೆ.