ಜೆಂಟೂ ಲಿನಕ್ಸ್‌ನಲ್ಲಿ ಅಪ್‌ಡೇಟ್ ಆದಮೇಲೆ ಲೈಬ್ರರಿ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಫೈಲ್) ಸಿಗ್ತಿಲ್ಲ ಅಂದರೆ ಏನು ಮಾಡಬೇಕು?

ಮೊದಲು ರೀಬೂಟ್ ಮಾಡಬೇಡಿ, ತೆರೆದಿರುವ ರೂಟ್ ಟರ್ಮಿನಲ್ ಮುಚ್ಚಲೂಬೇಡಿ. ಕೆಟ್ಟಿರುವ ಪ್ರೋಗ್ರಾಂ ಮೇಲೆ ಎಲ್‌ಡಿಡಿ (ಬೇಕಾದ ಲೈಬ್ರರಿಗಳ ಪಟ್ಟಿ ತೋರಿಸುವ ಕಮಾಂಡ್) ಓಡಿಸಿ, 'ನಾಟ್ ಫೌಂಡ್' ಅಂತ ಯಾವುದರ ಮುಂದೆ ಬರುತ್ತೋ ಅದೇ ಕಾಣೆಯಾದ ಲೈಬ್ರರಿ. ಸಾಮಾನ್ಯವಾಗಿ ಎಮರ್ಜ್‌ಗೆ (ಜೆಂಟೂನಲ್ಲಿ ಪ್ಯಾಕೇಜ್ ಹಾಕುವ ಕಮಾಂಡ್) @ಪ್ರಿಸರ್ವ್ಡ್-ರೀಬಿಲ್ಡ್ ಕೊಟ್ಟರೆ, ಹಳೇ ಲೈಬ್ರರಿ ಬಳಸುತ್ತಿರುವ ಪ್ಯಾಕೇಜ್‌ಗಳು ಮತ್ತೆ ಬಿಲ್ಡ್ ಆಗಿ ಸರಿಹೋಗುತ್ತೆ, ಇಲ್ಲದಿದ್ದರೆ ಲೈಬ್ರರಿ ಸಿಗದೆ ಕೆಟ್ಟ ಪ್ಯಾಕೇಜ್‌ಗಳನ್ನು ಹುಡುಕಿ ಮತ್ತೆ ಬಿಲ್ಡ್ ಮಾಡೋಕೆ ಜೆಂಟೂಲ್‌ಕಿಟ್ ಪ್ಯಾಕೇಜಿನ ರೆವ್‌ಡೆಪ್-ರೀಬಿಲ್ಡ್ ಕಮಾಂಡ್ ಇದೆ. ಹಳೇ ಲೈಬ್ರರಿಯ ಹೆಸರಲ್ಲಿ ಹೊಸ ಫೈಲಿಗೆ ಸಿಮ್‌ಲಿಂಕ್ (ಬೇರೆ ಫೈಲನ್ನು ತೋರಿಸುವ ಕೊಂಡಿ) ಮಾತ್ರ ಹಾಕಬೇಡಿ. ಎಬಿಐ (ಪ್ರೋಗ್ರಾಂ ಮತ್ತು ಲೈಬ್ರರಿ ಒಂದಕ್ಕೊಂದು ಹೊಂದಿಕೊಳ್ಳುವ ರೀತಿ) ಬದಲಾಗಿದ್ದರಿಂದಲೇ ಹೆಸರಿನ ಕೊನೆಯ ಸಂಖ್ಯೆ ಬದಲಾಗಿರೋದು, ಅಲ್ವಾ?

ಬಹುತೇಕ ಎಲ್ಲ ಪ್ರೋಗ್ರಾಂಗಳೂ ಬಳಸುವ ಮೂಲ ಲೈಬ್ರರಿ ಜಿಲಿಬ್‌ಸಿಯೇ ಹಾಳಾಗಿದ್ದರೆ ಕತೆ ಬೇರೆ. ಎಲ್‌ಎಸ್, ಸಿಪಿಯಂಥ ಸಣ್ಣ ಕಮಾಂಡ್‌ಗಳೂ ಓಡಲ್ಲ, ಬ್ಯಾಷ್ ಶೆಲ್ ಏಳದೆ ಆ ಡಿಸ್ಕಿಗೆ ಕ್ರೂಟ್ (ಒಂದು ಫೋಲ್ಡರನ್ನೇ ರೂಟ್ ಮಾಡಿಕೊಂಡು ಅದರೊಳಗೆ ಕೆಲಸ ಮಾಡೋದು) ಮಾಡೋದೂ ಕಷ್ಟ. ಆಗ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಹೊಸ ಸ್ಟೇಜ್ 3 ಅನ್ನು (ಜೆಂಟೂ ಕೊಡುವ ಸಿದ್ಧ ಮೂಲ ಸಿಸ್ಟಮ್‌ನ ಆರ್ಕೈವ್) ಬೇರೆ ಫೋಲ್ಡರಿನಲ್ಲಿ ಬಿಚ್ಚಿ, ಹಾಳಾದ ಡಿಸ್ಕನ್ನು ಅದರೊಳಗೇ ಮೌಂಟ್ ಮಾಡಿ, ಆ ಫೋಲ್ಡರಿಗೆ ಕ್ರೂಟ್ ಆಗಿ, 'ರೂಟ್' ವೇರಿಯೇಬಲ್‌ಗೆ ಆ ಡಿಸ್ಕಿನ ದಾರಿ ಕೊಟ್ಟು ಜಿಲಿಬ್‌ಸಿ ಎಮರ್ಜ್ ಮಾಡಿ. ಮೊದಲಿದ್ದದ್ದಕ್ಕಿಂತ ಹಳೇ ಆವೃತ್ತಿ ಹಾಕಬೇಡಿ.