ಬಿಪಿಯೇ ಇಲ್ಲದವರಿಗೆ ಬಿಪಿ ಮಾತ್ರೆ ಯಾಕೆ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಹನ್ನೆರಡು ದಿನದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಎಕೋದಲ್ಲಿ ಇಎಫ್ 36% ಬಂದಿದೆ. ಶುಗರ್ ಇಲ್ಲ, ಬಿಪಿಯೂ ಯಾವತ್ತೂ ಇರಲಿಲ್ಲ. ಈಗ 104/66 ಇದೆ. ಆದರೂ ಆಸ್ಪಿರಿನ್, ಟಿಕಾಗ್ರೆಲಾರ್, ಅಟೋರ್ವಾಸ್ಟಾಟಿನ್ ಜೊತೆಗೆ ರಾಮಿಪ್ರಿಲ್ 2.5, ಕಾರ್ವೆಡಿಲಾಲ್ 3.125, ಎಪ್ಲೆರೆನೋನ್ 25 ಬರೆದಿದ್ದಾರೆ. ಬೆಳಿಗ್ಗೆ ಎಲ್ಲ ಒಟ್ಟಿಗೆ ನುಂಗಿದ ಮೇಲೆ ತಲೆ ಸುತ್ತುತ್ತದಂತೆ. ‘ಬಿಪಿ ಇಲ್ಲದವರಿಗೆ ಬಿಪಿ ಮಾತ್ರೆ ಕೊಟ್ಟಿದ್ದಾರೆ, ನಿಲ್ಲಿಸಿಬಿಡಿ’ ಎಂದು ನೆಂಟರು ಹೇಳುತ್ತಿದ್ದಾರೆ. ಏನು ಮಾಡಲಿ?
— ಓದುಗರು, ತಿಪಟೂರು

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ನಿಮ್ಮ ತಂದೆಯವರಿಗೆ ಆ ಕೊನೆಯ ಮೂರು ಮಾತ್ರೆ ಬರೆದಿರುವುದು ಬಿಪಿಗಲ್ಲ, ಹೃದಯ ಹಿಗ್ಗಿ ಆಕಾರ ಕೆಡದಿರಲಿ ಎಂದು.

ಎಡ ಹೃತ್ಕುಕ್ಷಿಯಲ್ಲಿ (ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆ) ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೊರಗೆ ಹೋಗುವ ಪಾಲೇ ಇಎಫ್. ಸಾಮಾನ್ಯವಾಗಿ 55ರ ಮೇಲಿರುತ್ತದೆ. ಅಟ್ಯಾಕ್ ಆದ ಜಾಗದಲ್ಲಿ ಸ್ನಾಯು ಸತ್ತು, ಅಲ್ಲಿ ಗಟ್ಟಿ ಕಲೆ ಕೂರಲು ಸುಮಾರು ಆರು ವಾರ ಬೇಕು. ಅಲ್ಲಿಯವರೆಗೆ ಆ ಗೋಡೆ ಮೆತ್ತಗೆ, ತೆಳ್ಳಗೆ ಇದ್ದು ಬಡಿತ ಬಡಿತಕ್ಕೂ ಜಗ್ಗುತ್ತದೆ. ಪಂಪಿಂಗ್ ಕಡಿಮೆಯಾದದ್ದನ್ನು ದೇಹ ರಕ್ತ ಸೋರಿಹೋಗುತ್ತಿದೆ ಎಂದೇ ತಿಳಿದು ಅಡ್ರಿನಲಿನ್, ಆಂಜಿಯೋಟೆನ್ಸಿನ್, ಆಲ್ಡೋಸ್ಟಿರೋನ್ ಮೂರನ್ನೂ ಏರಿಸುತ್ತದೆ. ರಕ್ತನಾಳ ಬಿಗಿಯುತ್ತದೆ, ಉಪ್ಪು ನೀರು ಮೈಯಲ್ಲೇ ಉಳಿಯುತ್ತದೆ, ಸೋತ ಹೃದಯದ ಮೇಲೆ ಇನ್ನಷ್ಟು ಹೊರೆ ಬೀಳುತ್ತದೆ. ಕಾರ್ವೆಡಿಲಾಲ್ ಅಡ್ರಿನಲಿನ್‌ಗೆ, ರಾಮಿಪ್ರಿಲ್ ಆಂಜಿಯೋಟೆನ್ಸಿನ್‌ಗೆ, ಎಪ್ಲೆರೆನೋನ್ ಆಲ್ಡೋಸ್ಟಿರೋನ್‌ಗೆ ಅಡ್ಡ ನಿಲ್ಲುತ್ತವೆ. ಬಿಪಿ ಇಳಿಯುವುದು ಅದರ ಜೊತೆಗೆ ಬರುವ ಪರಿಣಾಮ.

ಇದು ಊಹೆಯ ಮಾತಲ್ಲ. 1992ರ ಸೇವ್ ಅಧ್ಯಯನದಲ್ಲಿ ಇಎಫ್ 40 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಅಟ್ಯಾಕ್ ಆದ 3ರಿಂದ 16 ದಿನದೊಳಗೆ ರಾಮಿಪ್ರಿಲ್‌ನದೇ ಗುಂಪಿನ ಕ್ಯಾಪ್ಟೊಪ್ರಿಲ್ ಶುರುಮಾಡಿದಾಗ ಸಾವು ಶೇ 19ರಷ್ಟು ತಗ್ಗಿತು. 2003ರ ಎಫೆಸಸ್‌ನಲ್ಲಿ ಎಪ್ಲೆರೆನೋನ್ ಅದರ ಮೇಲೆ ಮತ್ತೆ ಶೇ 15ರಷ್ಟು ತಗ್ಗಿಸಿತು. ಮುಂದೆ ಅದೇ ಅಂಕಿಅಂಶವನ್ನು ಬಿಡಿಸಿ ನೋಡಿದಾಗ ಲಾಭ ಕಂಡದ್ದು ಮೊದಲ ವಾರದಲ್ಲೇ ಮಾತ್ರೆ ಶುರುವಾದವರಲ್ಲಿ. ಹಾಗಾಗಿ ‘ಒಂದು ತಿಂಗಳು ಬಿಟ್ಟು ನೋಡೋಣ’ ಎಂದರೆ ಅತ್ಯಂತ ಬೆಲೆಯುಳ್ಳ ತಿಂಗಳೇ ಕೈಬಿಟ್ಟಂತೆ.

ಬೇಗ ಎಂದ ಮಾತ್ರಕ್ಕೆ ಅವಸರವೂ ಸಲ್ಲದು. 2005ರಲ್ಲಿ ಪ್ರಕಟವಾದ ಚೀನಾದ ಕಮಿಟ್ ಅಧ್ಯಯನದಲ್ಲಿ, ಅಟ್ಯಾಕ್ ಆದ ಮೊದಲ ದಿನವೇ ಕಾರ್ವೆಡಿಲಾಲ್‌ನದೇ ಗುಂಪಿನ ಮೆಟೊಪ್ರೊಲಾಲ್ ಅನ್ನು ರಕ್ತನಾಳಕ್ಕೆ ಚುಚ್ಚಿದವರಲ್ಲಿ ಹೃದಯ ಸೋತು ಶಾಕ್‌ಗೆ (ಬಿಪಿ ಕುಸಿದು ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿ) ಹೋದವರು ಹೆಚ್ಚು. ನಿಮ್ಮ ತಂದೆಯವರಿಗೆ ಬರೆದ ಡೋಸ್ ಇಷ್ಟು ಸಣ್ಣದಿರುವುದು ಅದಕ್ಕೇ.

ಈಗ ತಲೆಸುತ್ತಿನ ವಿಷಯ. ಮೂರನ್ನೂ ಒಂದೇ ಹೊತ್ತಿಗೆ ನುಂಗಿದರೆ ಬಿಪಿ ಒಂದೇ ಸಲ ಬೀಳುತ್ತದೆ. ಕಾರ್ವೆಡಿಲಾಲ್ ತಿಂಡಿಯ ಜೊತೆಗೆ ಮತ್ತು ರಾತ್ರಿ ಊಟದ ಜೊತೆಗೆ, ಎಪ್ಲೆರೆನೋನ್ ಮಧ್ಯಾಹ್ನ, ರಾಮಿಪ್ರಿಲ್ ಮಲಗುವಾಗ — ಹೀಗೆ ಹಂಚಬಹುದೇ ಎಂದು ನಿಮ್ಮ ವೈದ್ಯರನ್ನು ಫೋನಿನಲ್ಲೇ ಕೇಳಿ. ಬಹಳಷ್ಟು ಜನರಿಗೆ ಇಷ್ಟರಲ್ಲೇ ತಲೆಸುತ್ತು ನಿಲ್ಲುತ್ತದೆ. ಕಾರ್ವೆಡಿಲಾಲ್ ಖಾಲಿ ಹೊಟ್ಟೆಗೆ ಮಾತ್ರ ಬೇಡ. ಬಿಪಿಯನ್ನು ಐದು ನಿಮಿಷ ಕೂತಮೇಲೆ ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಒಮ್ಮೊಮ್ಮೆ ನೋಡಿ ಬರೆದಿಡಿ. ನಿಂತಾಗ ಮೇಲಿನ ಸಂಖ್ಯೆ 20ರಷ್ಟು ಬಿದ್ದರೆ, ಅಥವಾ 90ಕ್ಕಿಂತ ಕೆಳಗಿಳಿದು ಕಣ್ಣು ಕತ್ತಲೆ ಬಂದರೆ ಅವತ್ತೇ ವೈದ್ಯರಿಗೆ ತಿಳಿಸಿ. ಮೈಯಲ್ಲಿ ನೀರು ತುಂಬಿಕೊಂಡಿಲ್ಲದಿದ್ದರೂ ಮೂತ್ರದ ಮಾತ್ರೆ ನಡೆಯುತ್ತಿದ್ದರೆ ಅಥವಾ ಬಿಪಿ ಇಳಿಸುವ ಆಮ್ಲೊಡಿಪಿನ್‌ನಂಥದ್ದು ಇದ್ದರೆ ಅವರು ಮೊದಲು ಅದನ್ನು ತಗ್ಗಿಸುತ್ತಾರೆ, ಈ ಮೂರನ್ನಲ್ಲ. ಸುಮ್ಮನೆ 104 ಎಂಬ ಸಂಖ್ಯೆ ಕಂಡು ಹೆದರಬೇಕಿಲ್ಲ.

ನಿಜವಾಗಿ ಕಣ್ಣಿಡಬೇಕಾದದ್ದು ಪೊಟ್ಯಾಸಿಯಂ ಮೇಲೆ. ರಾಮಿಪ್ರಿಲ್, ಎಪ್ಲೆರೆನೋನ್ ಎರಡೂ ಅದನ್ನು ಏರಿಸುತ್ತವೆ, ಮಿತಿಮೀರಿದರೆ ಬಡಿತವೇ ತಪ್ಪಬಹುದು. ಶುರುಮಾಡಿ ಒಂದು ವಾರಕ್ಕೆ, ತಿಂಗಳಿಗೆ, ಮತ್ತು ಡೋಸ್ ಏರಿಸಿದಾಗಲೆಲ್ಲ ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ನೋಡಲೇಬೇಕು. ಹನ್ನೆರಡು ದಿನವಾಗಿದೆ ಎಂದಿರಿ. ಇನ್ನೂ ಮಾಡಿಸಿಲ್ಲವಾದರೆ ನಾಳೆಯೇ ಮಾಡಿಸಿ. ಪೊಟ್ಯಾಸಿಯಂ 5.5 ದಾಟಿದರೆ ಎಪ್ಲೆರೆನೋನ್ ತಗ್ಗಿಸುತ್ತಾರೆ, 6 ಮುಟ್ಟಿದರೆ ನಿಲ್ಲಿಸುತ್ತಾರೆ. ರಕ್ತ ತೆಗೆಯುವಾಗ ರಕ್ತಕಣ ಒಡೆದರೂ ಸಂಖ್ಯೆ ಸುಳ್ಳುಸುಳ್ಳೇ ಏರಿ ಬರುವುದುಂಟು, ಆಗ ತಕ್ಷಣ ಮತ್ತೊಂದು ಸ್ಯಾಂಪಲ್ ಕೊಡಬೇಕು. ಕ್ರಿಯಾಟಿನಿನ್ ಮೊದಲಿಗಿಂತ ಶೇ 30ರವರೆಗೆ ಏರುವುದು ಸಾಮಾನ್ಯವಾಗಿ ಒಪ್ಪತಕ್ಕದ್ದೇ.

ನಿಮ್ಮದು ತೆಂಗಿನ ಸೀಮೆಯಾದ್ದರಿಂದ ಹೇಳುತ್ತೇವೆ: ಒಂದು ಎಳನೀರಿನಲ್ಲಿ ಸುಮಾರು ಅರ್ಧ ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಸುಸ್ತು ಎಂದು ದಿನಕ್ಕೆರಡು ಕುಡಿಸಬೇಡಿ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಬದಲು ಹಾಕಿರುವುದು ಪೊಟ್ಯಾಸಿಯಂ ಕ್ಲೋರೈಡ್. ಅದೂ ಬೇಡ, ಮಾಮೂಲಿ ಉಪ್ಪನ್ನೇ ಕಡಿಮೆ ಹಾಕಿ. ಮೊಣಕಾಲು ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗಿದರೆ ಕಿಡ್ನಿ, ಹೃದಯ ಎರಡಕ್ಕೂ ಪೆಟ್ಟು, ಪ್ಯಾರಾಸಿಟಮಾಲ್ ಸಾಕು. ಇನ್ನೊಂದು, ಯಾರೂ ಎಚ್ಚರಿಸದ್ದು: ಹುಳುಕಡ್ಡಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಇಟ್ರಾಕೊನಜೋಲ್. ಅದು ಎಪ್ಲೆರೆನೋನ್, ಟಿಕಾಗ್ರೆಲಾರ್ ಎರಡರ ಮಟ್ಟವನ್ನೂ ರಕ್ತದಲ್ಲಿ ಅಪಾಯದವರೆಗೆ ಏರಿಸುತ್ತದೆ.

ಒಣಕೆಮ್ಮು ಬಂದು ನಿಲ್ಲದಿದ್ದರೆ ಅದು ರಾಮಿಪ್ರಿಲ್‌ನದಿರಬಹುದು, ವಾಲ್ಸಾರ್ಟಾನ್‌ಗೆ ಬದಲಾಯಿಸುತ್ತಾರೆ. ತುಟಿ, ನಾಲಿಗೆ ಊದಿಕೊಂಡರೆ ಮಾತ್ರ ರಾಮಿಪ್ರಿಲ್‌ನ ಮುಂದಿನ ಡೋಸ್ ಕೊಡದೆ ನೇರ ಆಸ್ಪತ್ರೆಗೆ ಓಡಿ. ಟಿಕಾಗ್ರೆಲಾರ್‌ನಿಂದ ಕೂತಲ್ಲೇ ಉಸಿರು ಹಿಡಿದಂತಾಗುವುದುಂಟು. ಅದು ಮಾತ್ರೆಯದೋ ಹೃದಯದ್ದೋ ಎಂದು ವೈದ್ಯರೇ ಹೇಳಬೇಕು. ಸ್ಟೆಂಟ್ ಇರುವಾಗ ಟಿಕಾಗ್ರೆಲಾರ್ ಅನ್ನು ನಾವಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು.

ನಾವು ಪದೇ ಪದೇ ಕಾಣುವ ತಪ್ಪೆಂದರೆ ಡಿಸ್ಚಾರ್ಜ್ ಚೀಟಿಯ ಡೋಸನ್ನೇ ವರ್ಷಗಟ್ಟಲೆ ನುಂಗುವುದು. ಅದು ಶುರುವಿನ ಡೋಸ್ ಅಷ್ಟೇ. ಬಿಪಿ, ನಾಡಿ, ಪೊಟ್ಯಾಸಿಯಂ ಒಪ್ಪಿದರೆ ಸುಮಾರು ಎರಡು ವಾರಕ್ಕೊಮ್ಮೆ ಏರಿಸುತ್ತ ರಾಮಿಪ್ರಿಲ್ ದಿನಕ್ಕೆ 10, ಕಾರ್ವೆಡಿಲಾಲ್ 25ರಂತೆ ಎರಡು ಹೊತ್ತು, ಎಪ್ಲೆರೆನೋನ್ 50 ಮಿಲಿಗ್ರಾಂ ಮುಟ್ಟುವುದು ಗುರಿ. ಅಷ್ಟು ತಡೆಯದವರಿಗೆ ತಡೆದಷ್ಟು. ಶುಗರ್ ಇಲ್ಲದಿದ್ದರೂ ಶುಗರ್ ಮಾತ್ರೆಯಾದ ಎಂಪಾಗ್ಲಿಫ್ಲೋಜಿನ್ 10 ಸೇರಿಸಬಹುದು. 2024ರ ಅಧ್ಯಯನದಲ್ಲಿ ಅದು ಮುಖ್ಯ ಗುರಿ ಮುಟ್ಟಲಿಲ್ಲವಾದರೂ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದು ಕಡಿಮೆಯಾಯಿತು. ವಾಂತಿಭೇದಿ, ಉಪವಾಸದ ದಿನ ಅದನ್ನು ಬಿಡಬೇಕು.

ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ಕಾಫಿಗೆ ಮೊದಲು ತೂಕ ನೋಡಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಅದು ನೀರು. ಕಣಕಾಲಿನ ಮೇಲೆ ಮೂಳೆ ಸಿಗುವಲ್ಲಿ ಹೆಬ್ಬೆರಳಿನಿಂದ ಐದಾರು ಸೆಕೆಂಡ್ ಒತ್ತಿ ಬಿಡಿ. ಗುಳಿ ಹಾಗೇ ಉಳಿದರೆ, ಅಥವಾ ಮಲಗಿದರೆ ಉಸಿರು ಕಟ್ಟಿ ರಾತ್ರಿ ದಿಂಬು ಒಂದರಿಂದ ಎರಡಾದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಆರು ವಾರಕ್ಕೆ ಎಕೋ ಮತ್ತೆ ಮಾಡಿಸಿ. ಸ್ಟೆಂಟ್ ಬಿದ್ದ ಮೇಲೆ ಮಂಕಾಗಿದ್ದ ಸ್ನಾಯು ಚೇತರಿಸಿಕೊಂಡು ಇಎಫ್ ಏರುವುದುಂಟು. ಏರಿತೆಂದು ಮಾತ್ರೆ ಬಿಡುವಂತಿಲ್ಲ. ಇಷ್ಟೆಲ್ಲ ಮಾತ್ರೆಯ ಮೇಲೂ 35 ಅಥವಾ ಅದಕ್ಕಿಂತ ಕೆಳಗೇ ಉಳಿದರೆ, ಹಠಾತ್ ಸಾವು ತಡೆಯುವ ಐಸಿಡಿ ಯಂತ್ರ ಬೇಕೇ ಎಂದು ಆಗ ಕೇಳಿ.