ಒಂದು ಒಳಕಿವಿ ಹಾಳಾದ ಮೇಲೂ ಸಮತೋಲನ ಮರಳುವುದು ಹೇಗೆ?

ತಲೆಯ ಚಲನೆಯನ್ನು ಗ್ರಹಿಸುವ ಎರಡೂ ಒಳಕಿವಿಗಳು ತಲೆ ನಿಶ್ಚಲವಾಗಿರುವಾಗಲೂ ಮಿದುಳುಕಾಂಡಕ್ಕೆ ಸರಿಸಮನಾಗಿ ಸಂಕೇತ ಕಳುಹಿಸುತ್ತಲೇ ಇರುತ್ತವೆ. ಒಂದು ಕಡೆ ಅದು ನಿಂತೊಡನೆ, ತಲೆ ಸರಿಯಿರುವ ಕಿವಿಯ ಕಡೆಗೆ ತಿರುಗುತ್ತಿದೆಯೆಂದು ಮಿದುಳು ತಪ್ಪಾಗಿ ತಿಳಿಯುವುದರಿಂದ ಕೋಣೆಯೇ ಸುತ್ತಿದಂತಾಗುತ್ತದೆ. ಕಿರುಮಿದುಳಿನ ನೆರವಿನಿಂದ ಮಿದುಳುಕಾಂಡದ ನರಕೋಶಗಳು ಈ ಅಸಮತೆಯನ್ನು ಕೆಲವು ದಿನ, ವಾರಗಳಲ್ಲಿ ಸರಿದೂಗಿಸುತ್ತವೆ. ಆದರೆ ತಲೆಯನ್ನು ಥಟ್ಟನೆ ಹೊರಳಿಸಿದಾಗಿನ ಕೊರತೆ ಹಲವರಲ್ಲಿ ಪೂರ್ತಿ ಹೋಗುವುದಿಲ್ಲ. ಅದನ್ನು ದೃಷ್ಟಿ, ಕತ್ತು ಮತ್ತು ಪಾದಗಳ ಸಂವೇದನೆ, ಕಣ್ಣಿನ ಚಿಕ್ಕ ಜಿಗಿತಗಳು ತುಂಬಿಕೊಡುತ್ತವೆ. ಹೀಗಾಗಿಯೇ ಹಗಲಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಲೀಸಾಗಿ ನಡೆಯುವವರು ಕತ್ತಲಾದ ಮೇಲೆ ಮಂಡ್ಯದ ಗದ್ದೆಯ ಬದುವಿನಲ್ಲಿ ತೂರಾಡಬಹುದು. ಮಿದುಳಿನ ಈ ಕಲಿಕೆಗೆ ಚಲನೆಯೇ ಬೇಕು: ಅದನ್ನು ನಿಧಾನಿಸುವ ತಲೆಸುತ್ತಿನ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಬೇಗ ನಿಲ್ಲಿಸಿ, ಗೋಡೆಯ ಮೇಲಿನ ಒಂದು ಅಕ್ಷರದಲ್ಲಿ ದೃಷ್ಟಿ ನೆಟ್ಟು ತಲೆಯನ್ನು ಎಡಬಲಕ್ಕೆ ಆಡಿಸುವಂತಹ ವ್ಯಾಯಾಮವನ್ನು ತಜ್ಞರಿಂದ ಕಲಿಯುವುದು ಮೇಲು.